ಭಾವನ ಧ್ವನಿ ಇಟ್ಟ ಜಾಗ

ಆ ಬೀದಿಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವವಳು ಅವಳೊಬ್ಬಳೇ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ರಿಪೇರಿಯಮ್ಮ. ವಯಸ್ಸು ಐವತ್ತೆರಡು. ಮೂಗಿನ ತುದಿಗೆ ಜಾರಿದ ಕನ್ನಡಕ, ಬೆರಳ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಎಣ್ಣೆಕಪ್ಪು. ನೂಲು ಪದೇ ಪದೇ ತುಂಡಾಗುತ್ತದೆ ಎಂದು ಯಾರಾದರೂ ಯಂತ್ರ ಹೊತ್ತು ತಂದರೆ, ಚಕ್ರವನ್ನು ಎರಡು ಸುತ್ತು ತಿರುಗಿಸಿ, ಸದ್ದು ಕೇಳಿಯೇ ರೋಗ ಹೇಳುತ್ತಿದ್ದಳು. "ಬಿಚ್ಚಿ ನೋಡಿದ್ರೆ ಸಿಗದೇ ಇರೋ ರೋಗ ಇಲ್ಲ" ಅನ್ನುವುದು ಅವಳ ನಂಬಿಕೆ.

ಅವಳದು ಮಹಡಿ ಮನೆ. ಕೆಳಗೆ ಅಕ್ಕ, ಭಾವ. ಅಂಚೆ ಕಚೇರಿಯ ಗುಮಾಸ್ತರಾಗಿದ್ದ ಭಾವ, ಕಣ್ಣು ಕಾಣದ ಗೆಳೆಯನೊಬ್ಬನಿಗಾಗಿ ಒಮ್ಮೆ ಕಥೆಪುಸ್ತಕ ಓದಿ ರೆಕಾರ್ಡ್ ಮಾಡಿದ್ದರು. ಬಾಯಿಂದ ಬಾಯಿಗೆ ಸುದ್ದಿ ಹೋಗಿ, ಹನ್ನೆರಡು ವರ್ಷದಲ್ಲಿ ಕೇಳುವವರು ನಲವತ್ತು ಮಂದಿಯಾದರು. ಹೋದ ವರ್ಷ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಭಾವನ ದನಿ ಹೋಯಿತು. ಈಗ ಹೇಳುವುದಿದ್ದರೆ ಸ್ಲೇಟಿನ ಮೇಲೆ ಬರೆಯುತ್ತಾರೆ. ಓದಿದ್ದೆಲ್ಲ ಎರಡು ಫೋನು, ಆರು ಪೆನ್‌ಡ್ರೈವ್, ಒಂದು ಮುದಿ ಲ್ಯಾಪ್‌ಟಾಪಿನಲ್ಲಿ ಚೆಲ್ಲಾಪಿಲ್ಲಿಯಾಗಿತ್ತು. ಒಂದು ಪೆನ್‌ಡ್ರೈವ್ ಹತ್ತೊಂಬತ್ತು ಕಥೆಗಳ ಸಮೇತ ಸತ್ತ ದಿನ ಅಕ್ಕ ಅತ್ತಳು.

"ಎಲ್ಲಾನೂ ಒಂದೇ ಕಡೆ ಇಡೋಣ ಬಿಡು, ಮೇಲೂ ಕೆಳಗೂ ಕೇಳೋ ಹಾಗೆ" ಎಂದಳು ರಿಪೇರಿಯಮ್ಮ. ಎಷ್ಟು ಸುಲಭದ ಮಾತು!

ಕಂಪ್ಯೂಟರ್ ಅಂಗಡಿಯವನು ಯಾವುದೋ ಆಫೀಸಿನಿಂದ ಬಂದ ಹಳೆಯ ಕಂಪ್ಯೂಟರ್ ಪೆಟ್ಟಿಗೆಯನ್ನು ತೋರಿಸಿ, "ಇದರೊಳಗೆ ಇನ್ನೊಂದು ಕಂಪ್ಯೂಟರ್ ಮಾಡ್ಕೊಳ್ಳಿ. ಫೈಲ್ ನೋಡಿಕೊಳ್ಳೋ ಕೆಲಸ ಒಳಗಿಂದು. ಅದು ಕೆಟ್ಟರೆ ಅಳಿಸಿ ಹೊಸದು ಮಾಡಿದ್ರಾಯ್ತು. ಫೈಲ್ ಇರೋ ದೊಡ್ಡ ಡಿಸ್ಕ್ ಹೊರಗಿನ ಪೆಟ್ಟಿಗೇಲೇ ಇರತ್ತಲ್ಲ" ಎಂದ.

"ಒಳಗಿಂದು ಎಲ್ಲಿದೆ? ಕೈ ಇಟ್ಟು ತೋರ್ಸಿ."

"ಅದು ಕಾಣಲ್ಲಮ್ಮ, ಬರೀ ಸಾಫ್ಟ್‌ವೇರ್. ಇದೆ ಅಂತ ಅದೇ ಅಂದ್ಕೊಂಡಿರತ್ತೆ."

ಅವಳು ಮನೆಗೆ ಬಂದು ಮೊದಲು ಮಾಡಿದ ಕೆಲಸ ಪೆಟ್ಟಿಗೆಯ ಮುಚ್ಚಳ ಬಿಚ್ಚಿದ್ದು. ಫ್ಯಾನು, ತಂತಿ, ದೊಡ್ಡ ಡಿಸ್ಕು ಎಲ್ಲ ಇದ್ದವು; ಒಳಗಿನ ಕಂಪ್ಯೂಟರ್ ಮಾತ್ರ ಇರಲಿಲ್ಲ.

ಅಂಗಡಿಯವನು ಬರೆದುಕೊಟ್ಟ ಚೀಟಿ ನೋಡಿಕೊಂಡು ಒಂದು ವಾರ ಗುದ್ದಾಡಿದಳು. ದೊಡ್ಡ ಡಿಸ್ಕಿನಲ್ಲಿ ಒಂದು ಫೋಲ್ಡರ್; ಅದನ್ನು ಒಳಗಿನದಕ್ಕೆ ಹಂಚಬೇಕು. ಒಳಗಿನದರಲ್ಲಿ 'ಧ್ವನಿ' ಎಂಬ ಖಾಲಿ ಫೋಲ್ಡರ್ ಮಾಡಿ, ಹಂಚಿದ್ದನ್ನು ಅದಕ್ಕೆ ಜೋಡಿಸಬೇಕು. ಆಮೇಲೆ ಅದನ್ನೇ ಮನೆಮಂದಿಯ ಫೋನುಗಳಿಗೆ ಮತ್ತೆ ಹಂಚಬೇಕು. ಯಾರು ಯಾರಿಗೆ ಕೊಡುತ್ತಿದ್ದಾರೆ, ಯಾರು ಇಸಿದುಕೊಳ್ಳುತ್ತಿದ್ದಾರೆ ಎಂದು ಲೆಕ್ಕ ಹಿಡಿಯುವಷ್ಟರಲ್ಲಿ ತಲೆ ಗಿರ್ರೆನ್ನುತ್ತಿತ್ತು. ಕೊನೆಗೂ ಸಾವಿರದ ನೂರ ನಲವತ್ತಮೂರು ರೆಕಾರ್ಡಿಂಗ್ ತುಂಬಿದಳು. ಕೆಳಗಡೆ ಅಕ್ಕನ ಫೋನಿನಲ್ಲಿ ಭಾವನ ದನಿ ಮೊಳಗಿತು. ಗೆದ್ದೆ ಎಂದುಕೊಂಡು ಫೋನು, ಪೆನ್‌ಡ್ರೈವ್, ಲ್ಯಾಪ್‌ಟಾಪುಗಳನ್ನೆಲ್ಲ ಅಳಿಸಿ ಚೊಕ್ಕಟ ಮಾಡಿದಳು. ದೊಡ್ಡ ಡಿಸ್ಕು ಮಾತ್ರ ತಾನಿನ್ನೂ ಖಾಲಿ ಎಂದೇ ತೋರಿಸುತ್ತಿತ್ತು. ಇದರ ಲೆಕ್ಕವೇ ಹೀಗಿರಬೇಕು ಎಂದು ಸುಮ್ಮನಾದಳು.

ಎರಡು ವಾರ ಕಳೆದು, ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ಕೆಳಗಿಂದ ಅಕ್ಕ ಕೂಗಿದಳು: "ಏನೇ ಇದು, ಒಂದೂ ಇಲ್ವಲ್ಲೇ!"

'ಧ್ವನಿ' ಫೋಲ್ಡರ್ ಇತ್ತು. ಒಳಗೆ ಏನೂ ಇರಲಿಲ್ಲ. ರಿಪೇರಿಯಮ್ಮ ಮತ್ತೆ ಮತ್ತೆ ತೆರೆದು ನೋಡಿದಳು. ಕಳ್ಳತನವಲ್ಲ, ಬೆಂಕಿಯಲ್ಲ, ತಾನೇ ಅಳಿಸಿದ್ದಲ್ಲ, ಮತ್ತೆ ಹೋಗಿದ್ದೆಲ್ಲಿಗೆ? ಮುಚ್ಚಳ ಬಿಚ್ಚಿದಳು, ಹಾಕಿದಳು, ಮತ್ತೆ ಬಿಚ್ಚಿದಳು. ಕೊನೆಗೆ ಕೆಳಗಿಳಿದು, "ಭಾವ, ನನ್ನಿಂದ ತಪ್ಪಾಯ್ತು. ಎಲ್ಲಾ ಹೋಯ್ತು ಅನ್ಸತ್ತೆ" ಎಂದು ಬಾಗಿಲಲ್ಲೇ ನಿಂತಳು.

ಭಾವ ಸ್ಲೇಟು ಎತ್ತಿಕೊಂಡು ಬರೆದರು: "ಹೋದರೆ ಹೋಗಲಿ. ಕೇಳಿ ಕೇಳಿ ನನಗೇ ಬೇಜಾರಾಗಿತ್ತು." ಅವಳು ಓದಿದ ಕೂಡಲೇ ಅದನ್ನು ಅಂಗೈಯಿಂದ ಒರೆಸಿಬಿಟ್ಟರು.

ಅವಳು ಅಂಗಡಿಯವನಿಗೆ ಫೋನ್ ಮಾಡಿದಳು. ಎಲ್ಲ ಕೇಳಿ ಆತ, "'ಧ್ವನಿ'ಗೆ ದೊಡ್ಡ ಡಿಸ್ಕನ್ನ ಜೋಡಿಸಿದ್ದೀರಲ್ಲ, ಅದನ್ನ ಕಳಚಿ" ಎಂದ.

"ಇರೋದೂ ಹೋದ್ರೆ?"

"ಇರೋದಾದ್ರೂ ಏನಿದೆಯಮ್ಮ? ಕಳಚಿ."

ಕಳಚಿದಳು. ಮರುಗಳಿಗೆ ಅದೇ 'ಧ್ವನಿ'ಯಲ್ಲಿ ಸಾವಿರದ ನೂರ ನಲವತ್ತಮೂರೂ ಸಾಲಾಗಿ ನಿಂತಿದ್ದವು.

"ಇದೇನು ಕಣ್ಕಟ್ಟು?"

"ಮೊದಲ ದಿನ ಜೋಡಣೆ ಸರಿಯಾಗಿ ಕೂತಿರಲಿಲ್ಲ. ಒಳಗಿನದಕ್ಕೂ ಅದರದೇ ಒಂದು ಪುಟ್ಟ ಡಿಸ್ಕ್ ಇರತ್ತೆ, ನೀವು ತುಂಬಿದ್ದೆಲ್ಲ ಅದಕ್ಕೇ ಹೋಗಿದೆ. ಇವತ್ತು ಕರೆಂಟು ಬಂದಾಗ ಜೋಡಣೆ ತಾನಾಗಿ ಕೂತಿತು. ದೊಡ್ಡ ಡಿಸ್ಕಿನ ಖಾಲಿ ಫೋಲ್ಡರ್ ಇದರ ಮೇಲೆ ಬಂತು, ಹಾಸಿಗೆ ಮೇಲೆ ಚಾದರ ಹೊದಿಸಿದ ಹಾಗೆ."

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು. ಸಮಾಧಾನಕ್ಕೆ ಅಳು ಬಂತು. ಅರ್ಥ ಮಾತ್ರ ಅರ್ಧದಷ್ಟೇ ಆಯಿತು. ಎಲ್ಲವನ್ನೂ ಮೊದಲು ಪಕ್ಕದ ಫೋಲ್ಡರಿಗೆ ಸರಿಸಿ, ದೊಡ್ಡ ಡಿಸ್ಕನ್ನು ಜೋಡಿಸಿ, ಮತ್ತೆ 'ಧ್ವನಿ'ಗೆ ತುಂಬುತ್ತಾ, ಈ ಸಲ ಆ ಡಿಸ್ಕು ಎಷ್ಟು ತುಂಬಿತು ಎಂಬ ಅಂಕಿ ಏರುವುದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು. ಬೇಕೆಂದೇ ಮೂರು ಸಲ ಪೆಟ್ಟಿಗೆಯನ್ನು ಆಫ್ ಮಾಡಿ ಆನ್ ಮಾಡಿದಳು. ಪೆನ್‌ಡ್ರೈವ್‌ಗಳಲ್ಲಿ ಮಾಡಿಕೊಂಡ ಇನ್ನೊಂದು ಪ್ರತಿ ಅಕ್ಕನ ಬೀರುವಿಗೆ ಹೋಯಿತು.

ಮಾರನೆಯ ಬೆಳಿಗ್ಗೆ ಭಾವ ಒಂದು ದಪ್ಪ ಪುಸ್ತಕ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂದರು. ಮಧ್ಯದಲ್ಲಿ ಪುಟದ ಗುರುತಿಗೆ ಇಟ್ಟ ಚೀಟಿ ಇತ್ತು. ಸ್ಲೇಟಿನಲ್ಲಿ ಬರೆದಿತ್ತು: "ಆಪರೇಷನ್‌ಗೆ ಹೋಗುವಾಗ ಇಲ್ಲಿಗೆ ನಿಲ್ಲಿಸಿದ್ದೆ. ಮುಂದಿನದು ನೀನು ಓದು."

"ನಾನಾ? ನನಗೆ ಒತ್ತಕ್ಷರ ಬಂದ್ರೆ ನಾಲಿಗೆ ಹೊರಳಲ್ಲ ಭಾವ."

ಅವರು ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ಅವಳು ಕೈ ಒರೆಸಿಕೊಂಡು, ಕನ್ನಡಕ ಮೇಲೇರಿಸಿ, ಫೋನಿನ ಕೆಂಪು ಗುಂಡಿ ಒತ್ತಿದಳು. ಮೊದಲ ಸಾಲಿನಲ್ಲೇ ಎರಡು ಸಲ ಎಡವಿದಳು. ಭಾವ ಬೆರಳಿನಿಂದ ಮೇಜು ತಟ್ಟಿ, ಎಲ್ಲಿ ಉಸಿರು ಎಳೆದುಕೊಳ್ಳಬೇಕು ಎಂದು ತೋರಿಸಿಕೊಟ್ಟರು.