ಇಟಲಿಗೆ ನಾನು ಮುದುಕಿಯಾದ ಬೇಸಿಗೆ

ಇಟಲಿಗೆ ಹೋಗಿಬಂದ ಕಥೆಯನ್ನು ನನ್ನಿಂದ ಹೇಳಿಸಿಕೊಂಡವರು ಬಹಳ ಜನ. ಅದಕ್ಕೂ ಒಂದು ವರ್ಷ ಮೊದಲು, ಹೋಗಬೇಕಾಗಿದ್ದೂ ಹೋಗದೆ ಉಳಿದ ಬೇಸಿಗೆಯ ಬಗ್ಗೆ ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಇಷ್ಟು ವರ್ಷವಾದರೂ ಆ ಸಿಟ್ಟು ಇಳಿದಿಲ್ಲ. ಹಳೆಯದನ್ನೆಲ್ಲ ಬಿಟ್ಟುಬಿಡಬೇಕು ಎಂದು ಬುದ್ಧಿ ಹೇಳಲು ಬರುವವರ ಮೇಲೂ ನನಗೆ ಸಿಟ್ಟಿದೆ.

ಪೊಲೀಸ್ ಆ್ಯಕ್ಷನ್ ಆಗಿ ನಾಲ್ಕೈದು ವರ್ಷ ಕಳೆದಿತ್ತು. ನಿಜಾಮರ ಆಳ್ವಿಕೆ ಹೋಗಿತ್ತು, ಹೈದರಾಬಾದ್ ರಾಜ್ಯ ಮಾತ್ರ ಇನ್ನೂ ಇತ್ತು. ನಾನು ಕಲಬುರಗಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದೆ. ಅಲ್ಲಿಯತನಕ ಉರ್ದುವಿನಲ್ಲಿ ನಡೆದಿದ್ದ ಶಾಲೆ ಕನ್ನಡಕ್ಕೆ ತಿರುಗಿತ್ತು. ನಮ್ಮ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಉಸ್ತಾನಿ ಎನ್ನುತ್ತಿದ್ದೆವು. ಮನೆಯಲ್ಲಿ ದಖನಿ ಉರ್ದು ಮಾತಾಡುವ ಹೆಂಗಸು. ಚಿಕ್ಕವಳಿದ್ದಾಗ ನನ್ನನ್ನು ಶಾಲೆಗೆ ಸೇರಿಸಿಕೊಂಡು ಹೆಸರು ಬರೆದುಕೊಂಡಿದ್ದವರೂ ಅವರೇ. ಐವತ್ತು ದಾಟಿದ ಮೇಲೆ ಅವರು ಕನ್ನಡ ಅಕ್ಷರ ತಿದ್ದಬೇಕಾಯಿತು, ಊಟದ ಬಿಡುವಿನಲ್ಲಿ ನಾನೇ ತಿದ್ದಿಸುತ್ತಿದ್ದೆ. ಒಂದು ಮಧ್ಯಾಹ್ನ ಅವರು ಮುಂಬಯಿಯಿಂದ ಬಂದ ಸುತ್ತೋಲೆಯೊಂದನ್ನು ನನ್ನ ಕೈಗೆ ಕೊಟ್ಟರು. ಅಲ್ಲಿಯ ಶಿಕ್ಷಕರ ಸಂಘದವರು ಬೇಸಿಗೆ ರಜೆಯಲ್ಲಿ ಕೆಲವು ಯುವ ಶಿಕ್ಷಕರನ್ನು ಹಡಗಿನಲ್ಲಿ ಇಟಲಿಗೆ ಕರೆದೊಯ್ಯುವವರಿದ್ದರು. ಖರ್ಚೆಲ್ಲ ಅವರದೇ. ಷರತ್ತು ಒಂದೇ, ವಯಸ್ಸು ಮೂವತ್ತರೊಳಗಿರಬೇಕು. ನನಗೆ ಇಪ್ಪತ್ತೈದು.

"ದಿನಾ ನಕಾಶೆ ಮ್ಯಾಲ ಕೋಲಿಟ್ಟು ಇಟಲಿ ಬೂಟಿನ ಹಂಗ ಅದ ಅಂತ ಹುಡಿಗ್ಯಾರಿಗಿ ಹೇಳ್ತಿ. ಒಮ್ಮಿ ಹೋಗಿ ಕಣ್ಣಿಲೆ ನೋಡಿ ಬಾ ಬೇಟಿ," ಎಂದರು ದೊಡ್ಡ ಉಸ್ತಾನಿ.

ಅರ್ಜಿ ಹಾಕಿದೆ. ಆರಿಸಿದ್ದೇವೆ, ವಯಸ್ಸಿನ ದಾಖಲೆಯನ್ನು ಇಂಗ್ಲಿಷಿನಲ್ಲಿ ಸೀಲು ಹಾಕಿಸಿ ಕಳಿಸಿ ಎಂದು ಉತ್ತರ ಬಂತು.

ಆಮೇಲಿನ ಮೂರು ವಾರ ನಾನು ನೆಲದ ಮೇಲೆ ನಡೆದ ನೆನಪಿಲ್ಲ. ನೂರು ಪುಟದ ನೋಟುಬುಕ್ಕು ತಂದು ದಿನಕ್ಕೊಂದು ಪುಟ ಮಾಡಿದೆ. ಹಡಗಿನಲ್ಲಿ ಎರಡು ವಾರ, ಆಮೇಲೆ ನೇಪಲ್ಸ್, ಬೆಂಕಿ ಉಗುಳುವ ಗುಡ್ಡ, ಬೂದಿಯಡಿ ಹೂತುಹೋದ ಊರು, ರೋಮ್, ನೀರಿನ ಮೇಲೆ ನಿಂತ ವೆನಿಸ್. ಸಮುದ್ರದ ಗಾಳಿಗೆ ಸೀರೆ ನಿಲ್ಲದು ಎಂದು ಸೆರಗಿಗೆ ಚುಚ್ಚಲು ಪಿನ್ನುಗಳು. ಹಡಗಿನಲ್ಲಿ ಹೊಟ್ಟೆ ತೊಳಸುತ್ತದೆ ಎಂದು ಯಾರೋ ಹೇಳಿದ್ದಕ್ಕೆ ನಿಂಬೆಕಾಯಿ ಉಪ್ಪಿನಕಾಯಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಕಮಲಾಪುರದಲ್ಲಿ ನಮ್ಮ ಅವ್ವ ಒಬ್ಬಳೇ ಇದ್ದುಕೊಂಡು ಕೆಂಪು ಬಾಳೆಯ ತೋಟ ನೋಡಿಕೊಳ್ಳುತ್ತಿದ್ದಳು. ಯಾವ ಹದದಲ್ಲಿ ಗೊನೆ ಕಡಿದರೆ ನೇಪಲ್ಸ್ ಮುಟ್ಟುವ ಹೊತ್ತಿಗೆ ಹಣ್ಣಾದೀತು ಎಂದು ಅವಳನ್ನು ಕೇಳಲು ಒಂದು ಭಾನುವಾರ ಹೋಗಿಬಂದೆ. "ಹಸೀ ಗೊನಿ ಕಡಿಸಿಡ್ತೇನಿ, ತಗೊಂಡು ಹೋಗು," ಎಂದಳು. ನಗುನಗುತ್ತಲೇ ಅಂದಳು.

ಇನ್ನು ಆ ದಾಖಲೆಯ ವಿಷಯ. ನನ್ನ ಶಾಲೆಯ ಸರ್ಟಿಫಿಕೇಟು ಉರ್ದುವಿನಲ್ಲಿತ್ತು. ಹುಟ್ಟಿದ ದಿನ ಖುರ್ದಾದ್ ತಿಂಗಳ ಏಳು, ಮುಂದೆ ಫಸಲಿ ವರ್ಷ. ನಿಜಾಮರ ಕಾಲದಲ್ಲಿ ಎರಡು ಲೆಕ್ಕಗಳು ನಡೆಯುತ್ತಿದ್ದವು. ಹಬ್ಬ, ರೋಜಾಕ್ಕೆ ಚಂದ್ರನನ್ನು ನೋಡಿ ಎಣಿಸುವ ಹಿಜರಿ. ಕಂದಾಯ, ಕೋರ್ಟು, ಶಾಲೆಗೆ ಸುಗ್ಗಿಯ ಮೇಲೆ ನಿಂತ ಫಸಲಿ. ಎರಡರ ವರ್ಷಗಳೂ ಹದಿಮೂರು ನೂರರ ಆಸುಪಾಸಿನಲ್ಲೇ ಇರುತ್ತಿದ್ದುದರಿಂದ ಹೊರಗಿನವರಿಗೆ ಒಂದೇ ಥರ ಕಾಣುತ್ತಿದ್ದವು. ಆದರೆ ನನ್ನ ಫಸಲಿ ವರ್ಷವನ್ನು ಹಿಜರಿ ಎಂದು ಓದಿದರೆ ನನಗೆ ಒಂಬತ್ತು ವರ್ಷ ಹೆಚ್ಚಾಗುತ್ತಿತ್ತು. ನಮ್ಮ ಕಡೆ ಕಚೇರಿಯ ಮೆಟ್ಟಿಲು ಹತ್ತಿದವರಿಗೆಲ್ಲ ಈ ವ್ಯತ್ಯಾಸ ಉಪ್ಪು ಸಕ್ಕರೆಯ ವ್ಯತ್ಯಾಸದಷ್ಟೇ ಗೊತ್ತಿತ್ತು.

ನನ್ನ ಅಣ್ಣನಿಗಂತೂ ಗೊತ್ತಿರಲೇಬೇಕು. ಕೋರ್ಟಿನಲ್ಲಿ ಉರ್ದು ಕಾಗದಗಳನ್ನು ಇಂಗ್ಲಿಷಿಗೆ ತರ್ಜುಮೆ ಮಾಡುವುದೇ ಅವನ ನೌಕರಿ. ಕಲಬುರಗಿಯ ಬ್ರಹ್ಮಪುರ ಓಣಿಯ ಬಾಡಿಗೆ ಮನೆಯಲ್ಲಿ ನಾವಿಬ್ಬರೂ ಒಟ್ಟಿಗೇ ಇದ್ದೆವು.

"ಇತ್ತ ಕೊಡು ತಂಗಿ. ತರ್ಜುಮೆ ಮಾಡಿ, ಸೀಲ್ ಒತ್ತಿ, ನಾನೇ ಟಪಾಲಿಗಿ ಹಾಕ್ತೇನಿ," ಎಂದ.

ಕೊಟ್ಟೆ. ನಮ್ಮ ಮನೆಯಲ್ಲಿ ಕಾಗದಪತ್ರ ಗಂಡಸರ ಪಾಲು. ಸ್ವಂತ ಸಂಬಳ ತರುವವಳು, ಇಂಗ್ಲಿಷ್ ಓದಬಲ್ಲವಳು, ಅವನು ಬರೆದದ್ದನ್ನು ಒಮ್ಮೆ ತೋರಿಸು ಎಂದು ಕೇಳಲೂ ಇಲ್ಲ. ಆ ದಡ್ಡತನಕ್ಕೆ ನನ್ನ ಮೇಲೇ ನನಗೆ ಈಗಲೂ ಮೈ ಉರಿಯುತ್ತದೆ.

ಹದಿನೈದು ದಿನಕ್ಕೆ ಉತ್ತರ ಬಂತು. ನಿಮಗೆ ಮೂವತ್ನಾಲ್ಕು ವರ್ಷವಾಗಿರುವುದರಿಂದ ನಿಮ್ಮನ್ನು ಸೇರಿಸಿಕೊಳ್ಳಲಾಗದು, ವಿಷಾದಿಸುತ್ತೇವೆ. ಜೊತೆಗೆ ಅಣ್ಣನ ತರ್ಜುಮೆಯನ್ನೂ ಅವನು ಅದಕ್ಕೆ ಲಗತ್ತಿಸಿದ್ದ ಮೂಲ ಸರ್ಟಿಫಿಕೇಟನ್ನೂ ವಾಪಸು ಕಳಿಸಿದ್ದರು. ಶಾಲೆಯ ವರಾಂಡದಲ್ಲಿ ನಿಂತೇ ಓದಿದೆ. ಮೂಲ ಸರ್ಟಿಫಿಕೇಟನ್ನು ಪಕ್ಕದಲ್ಲಿ ಹಿಡಿದು ಎರಡನೇ ಸಲ ಓದಿದೆ. ಎರಡನ್ನೂ ದೊಡ್ಡ ಉಸ್ತಾನಿಯವರ ಮೇಜಿನ ಮೇಲೆ ಒಗೆದೆ. ಅವರು ಕನ್ನಡಕ ಏರಿಸಿ ನಿಧಾನವಾಗಿ ನೋಡಿದರು.

"ಈ ಖುರ್ದಾದ್ ನಾನೇ ಬರದಿದ್ದು, ನನ್ನ ಕೈ ಬರಹ. ನಿಮ್ಮಣ್ಣ ಖುರ್ದಾದಿಗಿ ಏಪ್ರಿಲ್ ಅಂತ ಬರದಾನ. ಅದು ಫಸಲಿ ಲೆಕ್ಕ, ಬರೋಬರ್ ಅದ. ಸಾಲ್, ವರ್ಷ ಮಾತ್ರ ಹಿಜರಿ ಹಿಡದಾನ. ತಿಂಗಳ ತಿಳದಾಂವಗ ಸಾಲ್ ತಿಳೀಲಿಲ್ಲ ಅಂದ್ರ ಕೌನ್ ಮಾನೇಗಾ?"

ಯಾರೂ ನಂಬುವಂತಿರಲಿಲ್ಲ. ಒಂದೇ ಸಾಲಿನಲ್ಲಿ ತಿಂಗಳಿಗೆ ಒಂದು ಲೆಕ್ಕ, ವರ್ಷಕ್ಕೆ ಇನ್ನೊಂದು. ಇದು ಕೈತಪ್ಪಲ್ಲ, ಕುಳಿತು ಮಾಡಿದ ಕೆಲಸ.

ಸಂಜೆ ಅಣ್ಣ ಬಂದು ಟೋಪಿ ಗೂಟಕ್ಕೆ ಹಾಕುವ ಮೊದಲೇ ಕಾಗದವನ್ನು ಅವನ ಮುಖದ ಮುಂದೆ ಹಿಡಿದೆ. ಒಂದು ಗಳಿಗೆ ನೋಡಿ, "ತಪ್ಪಾಗ್ಯಾದ ತಂಗಿ, ಕೆಲಸದ ಗಡಿಬಿಡಿ," ಎಂದ.

"ಹಂಗಾದ್ರ ಏಪ್ರಿಲ್ ಎಲ್ಲಿಂದ ಬಂತು?"

ಅವನು ಬೆನ್ನು ತಿರುಗಿಸಿ ಟೋಪಿಯನ್ನು ಗೂಟಕ್ಕೆ ಹಾಕಿದ. ಅದು ನನ್ನ ತಲೆ ಕೆಡಿಸಿತು. ಅದೇ ವಾರ ಬೀದರ ಕಡೆಯಿಂದ ನನ್ನನ್ನು ನೋಡಲು ಬಂದಿದ್ದ ಗಂಡಿನವರ ಮುಂದೆ ಇವನೇ ನನಗೆ ಇಪ್ಪತ್ತೆರಡು ಎಂದು ಹೇಳಿದ್ದ. ಮದುವೆಗೆ ಇಪ್ಪತ್ತೆರಡು, ಹಡಗಿಗೆ ಮೂವತ್ನಾಲ್ಕು. ನನ್ನ ನಿಜವಾದ ಇಪ್ಪತ್ತೈದು ಯಾರಿಗೂ ಬೇಕಿರಲಿಲ್ಲ. ಓಣಿಗೆಲ್ಲ ಕೇಳುವಂತೆ ಅದನ್ನು ಕೂಗಿ ಹೇಳಿದೆ. ಅವನು ಬಾಗಿಲು ಮುಚ್ಚಲು ಎದ್ದ, ನಾನು ಮತ್ತೆ ತೆರೆದೆ. ಕೊನೆಗೆ ಅವನ ಪಕ್ಕದಲ್ಲೇ ನಿಂತು ಹೊಸ ತರ್ಜುಮೆ ಬರೆಸಿದೆ. ಮರುದಿನ ಕೋರ್ಟಿನ ತನಕ ಜೊತೆಗೇ ಹೋಗಿ ಸೀಲು ಒತ್ತಿಸಿ, ಸ್ಟೇಷನ್ ಹತ್ತಿರದ ಟಪಾಲು ಕಚೇರಿಯಲ್ಲಿ ನನ್ನ ಕೈಯಾರೆ ಹಾಕಿದೆ.

ತಡವಾಗಿತ್ತು. ನಿಮ್ಮ ಜಾಗವನ್ನು ಬೇರೆಯವರಿಗೆ ಕೊಟ್ಟಾಗಿದೆ, ಮುಂದಿನ ಬೇಸಿಗೆಯ ಪಟ್ಟಿಯಲ್ಲಿ ನಿಮ್ಮದೇ ಮೊದಲ ಹೆಸರು ಎಂದು ಮುಂಬಯಿಯವರು ಬರೆದರು.

ಆ ಕಾಗದ ಹಿಡಿದುಕೊಂಡೇ ಕಮಲಾಪುರದ ಬಸ್ಸು ಹತ್ತಿದೆ. ಮಹಾಗಾಂವ ಕ್ರಾಸ್ ದಾಟುವಷ್ಟರಲ್ಲಿ ಅವ್ವನಿಗೆ ಏನೇನು ಹೇಳಬೇಕೆಂಬುದು ಪೂರಾ ತಯಾರಾಗಿತ್ತು. ನಿನ್ನ ಮಗ ಇಂಥವನು, ಇನ್ನು ಮೇಲೆ ಅವನ ಮನೆಯಲ್ಲಿ ನಾನು ಇರುವುದಿಲ್ಲ, ಅವನ ಮುಖ ನೋಡುವುದಿಲ್ಲ. ಅವ್ವ ತೋಟದಲ್ಲಿದ್ದಳು. ಗೊನೆಯ ಭಾರಕ್ಕೆ ವಾಲಿದ ಬಾಳೆಯೊಂದಕ್ಕೆ ಬಿದಿರು ಕೊಟ್ಟು ಕಟ್ಟುತ್ತಿದ್ದಳು. ನಾನು ನಿಂತಲ್ಲೇ ಎಲ್ಲವನ್ನೂ ಒದರಿದೆ. ಕೈಯಲ್ಲಿದ್ದ ಹಗ್ಗ ಬಿಡದೆ ಕೇಳಿಸಿಕೊಂಡಳು.

"ಅವಗ ಬೈಬ್ಯಾಡ. ಅವಾ ಒಲ್ಲೆ ಅಂದಿದ್ದ. ನಾನೇ ಹಟ ಹಿಡದು ಮಾಡಿಸೀನಿ."

ನನ್ನ ಬಾಯಿಂದ ಒಳ್ಳೆಯ ಮಾತು ಹೊರಡಲಿಲ್ಲ. "ನನ್ನ ಮುಂದ ನಕ್ಕೋತ ಗೊನಿ ಕಡಿಸಿಡ್ತೇನಿ ಅಂದಿ! ಹಿಂದ ಚೂರಿ ಹಾಕಿದಿ! ಹೋಗಬ್ಯಾಡ ಅಂತ ಬಾಯಿ ಬಿಟ್ಟು ಹೇಳಾಕ ಏನಾಗಿತ್ತು ನಿನಗ?"

"ಹೇಳಿದ್ರ ಕೇಳ್ತಿದ್ದೇನು? ನಿಮ್ಮಪ್ಪ ಕೇಳಿದ್ರೇನು?"

ರಜಾಕಾರರ ಹಾವಳಿಯ ವರ್ಷ ಅಪ್ಪ, ಗಡಿ ದಾಟಿ ಸೊಲ್ಲಾಪುರದಲ್ಲಿ ನಮಗೊಂದು ಖೋಲಿ ನೋಡಿಕೊಂಡು ಬರುತ್ತೇನೆ ಎಂದು ಹೋದವರು ಬರಲೇ ಇಲ್ಲ. ಏನಾದರು ಎಂದು ಇವತ್ತಿಗೂ ಗೊತ್ತಿಲ್ಲ. ಆ ವಿಷಯವನ್ನು ಅವ್ವ ಎಂದೂ ಎತ್ತಿದವಳಲ್ಲ.

"ಎಲ್ಲಾ ಹೇಳಿ ಹೋಗಿದ್ರು ಅವರು," ಎಂದಳು. "ಯಾವ ದಾರಿ, ಯಾವ ಊರಾಗ ವಸ್ತಿ, ಯಾರ ಮನ್ಯಾಗ ಊಟ. ಬರೋ ದಿನಾ ಒಂದು ಹೇಳಿರಲಿಲ್ಲ."

ನನ್ನ ಸಿಟ್ಟಿಗೆ ಇದು ಅನ್ಯಾಯ ಎನ್ನಿಸಿತು. ಅವಳ ದುಃಖವನ್ನು ತಂದು ನನ್ನ ಹಾದಿಗೆ ಅಡ್ಡ ಇಡುವುದು ಯಾವ ನ್ಯಾಯ? "ಮುಂದಿನ ವರ್ಷ ನಾ ಹೋಗಾಕಿನೇ," ಎಂದೆ. "ಯಾರು ಏನು ಬರದ್ರೂ ಹೋಗಾಕಿ."

"ಹೋಗು," ಎಂದಳು ಅವ್ವ. "ಯಾವ ದಿನಾ ತಿರುಗಿ ಬರ್ತಿ, ಅದೊಂದು ಹೇಳಿ ಹೋಗು."

ಬಾಯಿ ತೆರೆದೆ. ಎಷ್ಟನೆಯ ದಿನ ನೇಪಲ್ಸ್, ಎಷ್ಟನೆಯ ದಿನ ರೋಮ್, ಗುಡ್ಡ ಹತ್ತುವುದು ಯಾವಾಗ, ಎಲ್ಲ ನಾಲಗೆಯ ತುದಿಯಲ್ಲಿತ್ತು. ತಿರುಗಿ ಬರುವ ದಿನವನ್ನು ನಾನು ಎಲ್ಲೂ ಬರೆದುಕೊಂಡಿರಲಿಲ್ಲ, ಅದರ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ. ಅವ್ವ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಸಿಕ್ಕಿಬಿದ್ದ ಸಿಟ್ಟಿನಲ್ಲಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

"ಕಾರಹುಣ್ಣಿವಿ ಮರುದಿನ."

"ಕಾರಹುಣ್ಣಿವಿ ಮರುದಿನ," ಎಂದಳು ಅವ್ವ. ಮರೆಯಬಾರದೆಂದು ಇನ್ನೊಮ್ಮೆ ಹೇಳಿಕೊಂಡಳು. ಆಮೇಲೆ ಹಗ್ಗ ಕೆಳಗಿಟ್ಟು, ಮುಂದಿನ ವರ್ಷದ ಕಾರಹುಣ್ಣಿಮೆಗೆ ಎಷ್ಟು ಹುಣ್ಣಿಮೆಗಳಾಗುತ್ತವೆ ಎಂದು ಬೆರಳ ಗೆಣ್ಣಿನ ಮೇಲೆ ಎಣಿಸತೊಡಗಿದಳು.