ಛತ್ರಿ ಜಗಳದ ಪ್ರಯೋಗ

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಧುಗಿರಿಯಲ್ಲಿ ಮೇಷ್ಟ್ರಾಗುವವರಿಗೆ ತರಬೇತಿ ಕೊಡುವ ಶಾಲೆಗೆ ನಾನು ಕಳ್ಳಂಬೆಳ್ಳದಿಂದ ಬಂದು ಸೇರಿದ್ದೆ. ಹೆಣ್ಣುಮಕ್ಕಳಿಗೆಂದು ಒಂದು ಬಾಡಿಗೆ ಮನೆಯನ್ನೇ ಹಾಸ್ಟೆಲ್ ಮಾಡಿದ್ದರು. ನನ್ನ ರೂಮಿನಲ್ಲಿ ಇನ್ನಿಬ್ಬರಿದ್ದರು. ಒಬ್ಬಳು ಸಿರಾದ ಬಳೆ ಅಂಗಡಿ ಸಾಹೇಬರ ಮಗಳು. ನಗುವುದಕ್ಕೆ ಅವಳಿಗೆ ಕಾರಣವೇ ಬೇಕಿರಲಿಲ್ಲ. ಇನ್ನೊಬ್ಬಳು ಪಾವಗಡದವಳು; ಕನ್ನಡದಲ್ಲಿ ಓದಿ ತೆಲುಗಿನಲ್ಲಿ ಹೆದರುತ್ತಿದ್ದಳು.

ನಮಗೆ ಮನಶ್ಶಾಸ್ತ್ರ ಹೇಳಿಕೊಡಲು ಮೈಸೂರಿನಿಂದ ಹೊಸ ಮೇಡಂ ಒಬ್ಬರು ಬಂದರು. ವಯಸ್ಸಿನಲ್ಲಿ ನಮಗಿಂತ ಸ್ವಲ್ಪವೇ ದೊಡ್ಡವರು. ಕಣ್ಣೆದುರು ಜಗಳ ನಡೆದರೆ ನೋಡಿದವರಿಗೆ ಎಷ್ಟು ನೆನಪಿರುತ್ತದೆ, ಗಾಬರಿಯಾದಷ್ಟೂ ನೆನಪು ಕೆಡುತ್ತದೆಯೇ ಎಂದು ಅವರು ಸಂಶೋಧನೆ ಮಾಡುತ್ತಿದ್ದರು. ಅದಕ್ಕೊಂದು ಜಗಳ ಬೇಕಾಗಿತ್ತು. ಒಂದು ಸಂಜೆ ನನ್ನನ್ನೂ ಸಿರಾದವಳನ್ನೂ ಪಕ್ಕಕ್ಕೆ ಕರೆದರು.

"ನಾಳೆ ಪಾಠದ ಮಧ್ಯೆ ನೀವಿಬ್ಬರೂ ಜಗಳ ಆಡಬೇಕು. ಯಾರಿಗೂ ಹೇಳಕೂಡದು."

"ಬೈಬೋದಾ ಮೇಡಂ?" ಎಂದು ನಾನು ಆಸೆಯಿಂದ ಕೇಳಿದೆ.

"ಸ್ವಲ್ಪ."

ಆಡಬೇಕಾದ ಮಾತನ್ನೆಲ್ಲ ಅವರೇ ಬರೆದುಕೊಟ್ಟರು. ತನ್ನ ಛತ್ರಿಯ ಕಡ್ಡಿಯನ್ನು ನಾನು ಮುರಿದೆ ಎಂದು ಅವಳು ಎದ್ದು ಕೂಗಬೇಕು. ನಾನಲ್ಲ ಎಂದು ನಾನು ವಾದಿಸಬೇಕು. ಕೊನೆಗೆ ನಾನು ಛತ್ರಿಯನ್ನು ಕಿಟಕಿಯಿಂದಾಚೆ ಎಸೆದು ಇಬ್ಬರೂ ಹೊರಗೆ ನಡೆಯಬೇಕು. ಮೈ ಮೇಲೆ ಕೈ ಮಾಡುವಂತಿಲ್ಲ.

ಮಾರನೇ ದಿನ ಛತ್ರಿಯ ಕಡ್ಡಿಯವರೆಗೂ ಎಲ್ಲ ಸರಿಯಾಗೇ ನಡೆಯಿತು. ನಾನು ಸ್ವಲ್ಪ ಜೋರಾಗಿಯೇ ವಾದಿಸಿದೆ. ಅವಳಿಗೆ ಹುರುಪು ಬಂತು.

"ನೀನು ರಾತ್ರಿ ಹೊಡಿಯೋ ಗೊರಕೆ ಬಸ್ ಸ್ಟ್ಯಾಂಡಿಗೆ ಕೇಳುತ್ತೆ ಕಣೇ!" ಅಂದಳು.

ಇದು ಮೇಡಂ ಬರೆದುಕೊಟ್ಟ ಮಾತಲ್ಲ. ಹಿಂದಿನ ಬೆಂಚಿನ ಗಂಡಸರೆಲ್ಲ ಗೊಳ್ಳೆಂದು ನಕ್ಕುಬಿಟ್ಟರು. ನನ್ನ ಮೈಯೆಲ್ಲ ಉರಿದುಹೋಯಿತು.

"ನನ್ನ ಕೊಬ್ಬರಿ ಎಣ್ಣೆ ಕದ್ದು ತಲೆಗೆ ಬಳ್ಕೊಂಡು ನನಗೇ ಹೇಳ್ತೀಯೇನೇ, ಕಳ್ಳಿ!"

ನಾನು ಎಸೆಯಬೇಕಾಗಿದ್ದ ಛತ್ರಿಯನ್ನು ಅವಳೇ ಕಿತ್ತುಕೊಂಡು ಹೊರಗೆ ಬಿಸಾಕಿದಳು. ಪಾವಗಡದವಳು "ಅಯ್ಯಯ್ಯೋ, ಕೊಟ್ಟುಕೋಕಂಡಿ! ಹೊಡೆದಾಡಬೇಡ್ರೇ!" ಎಂದು ಅಳುತ್ತಾ ನಮ್ಮಿಬ್ಬರ ಮಧ್ಯೆ ನುಗ್ಗಿದಳು. ಮೇಡಂ ಬೋರ್ಡಿನ ಪಕ್ಕ ನಿಂತು, ಎಷ್ಟು ಚೆನ್ನಾಗಿ ನಟಿಸುತ್ತಿದ್ದಾರೆ ಎಂದು ಬೀಗುತ್ತಿದ್ದರು.

ನಾವು ಹೊರಗೆ ಹೋದಮೇಲೆ, ನೋಡಿದ್ದನ್ನು ಬರೆಯಲು ಎಲ್ಲರಿಗೂ ಹೇಳಿದರು. ಆಮೇಲೆ ನಮ್ಮನ್ನು ಒಳಗೆ ಕರೆದು, ಇದು ಬರೀ ಪ್ರಯೋಗ ಎಂದು ಗುಟ್ಟು ಬಿಟ್ಟುಕೊಟ್ಟು, ಬರೆದದ್ದನ್ನು ಓದಿದರು. ನಾನು ಅವಳ ಕೆನ್ನೆಗೆ ಬಾರಿಸಿದೆ ಎಂದು ಮುಕ್ಕಾಲು ಪಾಲು ಜನ ಬರೆದಿದ್ದರು. ಜಡೆ ಹಿಡಿದೆಳೆದೆ ಎಂದು ಒಬ್ಬರು, ಛತ್ರಿಯಲ್ಲೇ ಚುಚ್ಚಿದೆ ಎಂದು ಇನ್ನೊಬ್ಬರು. ನಾನು ಅವಳ ಉಗುರು ಕೂಡ ಮುಟ್ಟಿರಲಿಲ್ಲ! ನನ್ನ ಬಾಯಿ ಸ್ವಲ್ಪ ಜೋರು ಅನ್ನುವುದು ನಿಜ. ಬಾಯಿ ಜೋರಿದ್ದವಳ ಕೈಯೂ ಜೋರಿರಬೇಕು ಎಂದು ಇಡೀ ಕ್ಲಾಸು ತೀರ್ಮಾನ ಮಾಡಿತ್ತು.

"ನೋಡಿ, ಉದ್ವೇಗ ನೆನಪನ್ನು ಹೇಗೆ ಕೆಡಿಸುತ್ತದೆ," ಎಂದು ಮೇಡಂ ಗೆಲುವಿನಿಂದ ಶುರುಮಾಡಿದರು. "ಇವಳು ಛತ್ರಿ ಎಸೆದಳು ಅಷ್ಟೇ, ಹೊಡೆಯಲಿಲ್ಲ."

"ಎಸೆದಿದ್ದು ನಾನಲ್ಲ ಮೇಡಂ, ಅವಳು."

"ನಾನೇ ಬರೆದುಕೊಟ್ಟಿದ್ದೀನಲ್ಲಮ್ಮ, ನೀನು ಎಸೀಬೇಕು ಅಂತ."

"ಬರೆದಿದ್ದು ಹಂಗೆ. ನಡೆದಿದ್ದು ಹಿಂಗೆ."

ಆಗ ಪಾವಗಡದವಳು ಮೂಗು ಒರೆಸಿಕೊಳ್ಳುತ್ತಾ ಎದ್ದಳು. ಗೊರಕೆಯಿಂದ ಹಿಡಿದು ಕೊಬ್ಬರಿ ಎಣ್ಣೆಯವರೆಗೆ ನಾವಾಡಿದ ಒಂದೊಂದು ಮಾತನ್ನೂ ಹಾಗೇ ಒಪ್ಪಿಸಿ, ಎಸೆದವಳು ಸಿರಾದವಳೇ ಎಂದಳು. ಎಲ್ಲರಿಗಿಂತ ಹೆಚ್ಚು ಹೆದರಿದವಳು ಅವಳು. ಹಿಂದಿನ ಬೆಂಚಿನವರು ಹೆದರಿರಲೇ ಇಲ್ಲ, ನಗುತ್ತಾ ಕೂತಿದ್ದರು. ಹಾಗಾದರೆ ಅವರ ನೆನಪು ಕೆಡಿಸಿದ್ದು ಯಾವ ಉದ್ವೇಗ? ನಾನು ಇದನ್ನು ಕೇಳಿಯೇಬಿಟ್ಟೆ. ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, "ಒಳ್ಳೇ ಪ್ರಶ್ನೆ," ಅಂದರು. ಗಂಟೆ ಹೊಡೆಯಿತು.

ಪ್ರಯೋಗ ಮುಗಿಯಿತು, ಜಗಳ ಮುಗಿಯಲಿಲ್ಲ. ಗೊರಕೆಯ ಮಾತು ನನ್ನೊಳಗೆ ಮುಳ್ಳಿನಂತೆ ಕೂತಿತ್ತು. ಕಳ್ಳಿ ಅಂದಿದ್ದು ಅವಳಿಗೆ. ಮಾತು ಬಿಟ್ಟೆವು. ಒಂದೇ ಚಾಪೆ ಹಾಸಿ ಮಲಗುತ್ತಿದ್ದವರು ಗೋಡೆಗೊಬ್ಬರಾದೆವು. ಮಧ್ಯೆ ಮಲಗಿದ ಪಾವಗಡದವಳು ಇಬ್ಬರ ಕಡೆಯಿಂದಲೂ ಮಾತು ಸಾಗಿಸಿ ಸುಸ್ತಾದಳು.

ಅಷ್ಟರಲ್ಲಿ ಸುದ್ದಿ ಬಸ್ಸು ಹತ್ತಿ ಸಿರಾ ತಲುಪಿತ್ತು. ದಾರಿಯಲ್ಲಿ ಅದು ಬಲಿತು, ಹುಡುಗಿಯ ಕೈ ಮುರಿದಿದೆ ಎನ್ನುವಷ್ಟಾಗಿತ್ತು. ಒಂದು ಮಧ್ಯಾಹ್ನ ಅವಳ ಖಾಲಾ, ಅಂದರೆ ತಾಯಿಯ ಅಕ್ಕ, ಬುರ್ಖಾ ತೊಟ್ಟು ಹಾಸ್ಟೆಲಿನ ಬಾಗಿಲಿಗೆ ಬಂದು ನಿಂತರು. ಒಂದು ಕೈಯಲ್ಲಿ ಕಡ್ಲೆಕಾಯಿ ಚೀಲ, ಇನ್ನೊಂದರಲ್ಲಿ ಮೂಳೆ ಮುರಿದರೆ ಕಟ್ಟುವ ಸೊಪ್ಪು.

"ಯಾವ ಕೈ ಬೇಟಿ?" ಎಂದು ಅವಳ ಎರಡೂ ತೋಳು ಒತ್ತಿ ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ, "ಯಾರವ್ವಾ ಹೊಡೆದೋಳು? ಮುಖ ತೋರ್ಸು," ಅಂದರು.

ನಾನು ಬಾಗಿಲ ಹಿಂದೆ ಸರಿದೆ. ಸಿರಾದವಳು ನನ್ನನ್ನು ನೋಡಿದಳು. "ಅವಳು ಹೊಡೀಲಿಲ್ಲ ಖಾಲಾ. ಅವಳಿಗೆ ಹೊಡಿಯೋಕೇ ಬರಲ್ಲ. ಬಾಯಿ ಅಷ್ಟೇ," ಎಂದು ಕಿಸಕ್ಕನೆ ನಕ್ಕಳು. ನನಗೂ ನಗು ತಡೆಯಲಾಗಲಿಲ್ಲ.

ಮೇಡಂ ಓಡಿಬಂದು ಎಲ್ಲ ವಿವರಿಸಿದರು. ಖಾಲಾ ಗಮನವಿಟ್ಟು ಕೇಳಿದರು.

"ಅಂದ್ರೆ ಜಗಳ ಹಚ್ಚಿದ್ದು ನೀವು?"

"ನೆನಪು ಪರೀಕ್ಷೆ ಮಾಡೋಕಮ್ಮ."

"ನೆನಪು ನೋಡಬೇಕಿದ್ರೆ ಬಿರಿಯಾನಿ ಹಾಕ್ಸಿ, ಏನೇನು ತಿಂದ್ರಿ ಅಂತ ಕೇಳ್ಬೋದಿತ್ತಲ್ಲ?"

ಕಡ್ಲೆಕಾಯಿ ಸುಲಿಯುತ್ತಾ ಎಲ್ಲರೂ ಅಂಗಳದಲ್ಲೇ ಕೂತೆವು. ಸೊಪ್ಪು ದಂಡವಾಗಬಾರದೆಂದು ಖಾಲಾ ಅದನ್ನು ಅರೆದು, ಅಡುಗೆಯಮ್ಮನ ಉಳುಕಿದ್ದ ಕಾಲಿಗೆ ಕಟ್ಟಿದರು. ಆ ರಾತ್ರಿ ಚಾಪೆ ಮತ್ತೆ ಒಂದಾಯಿತು.

ಮೇಡಂ ರಜೆಯಲ್ಲಿ ಮೈಸೂರಿಗೆ ಹೋಗಿ ತಮ್ಮ ಪ್ರೊಫೆಸರಿಗೆ ಎಲ್ಲ ಹೇಳಿದರಂತೆ. ನೋಡುವವರಿಗೆ ಜಗಳಗಂಟಿಯರು ಮೊದಲೇ ಗೊತ್ತಿದ್ದರೆ ಪ್ರಯೋಗಕ್ಕೆ ಬೆಲೆಯಿಲ್ಲ, ಅಪರಿಚಿತರಿಂದ ಆಡಿಸಿ ಎಂದರಂತೆ ಅವರು. ಮೇಡಂ ವಾಪಸು ಬಂದು ಅಪರಿಚಿತರನ್ನು ಹುಡುಕಲು ಬಸ್ ಸ್ಟ್ಯಾಂಡಿಗೆ ಹೊರಟರು. ನಾನೂ ಜೊತೆಗಿದ್ದೆ. ಕೊರಟಗೆರೆ ಬಸ್ಸಿನ ಕಂಡಕ್ಟರು ಅವರನ್ನು ಕಂಡದ್ದೇ ಬಸ್ಸಿನೊಳಗೆ ಕೂಗಿದ: "ಲೇ, ಜಗಳ ಆಡ್ಸೋ ಮೇಡಂ ಬಂದ್ಬುಟ್ರು ಕಣ್ರಲಾ, ಕರೆದ್ರೆ ಯಾರೂ ಇಳೀಬ್ಯಾಡಿ!"