ಹೀಟರಿಗೆ ಹೊದಿಸಿದ ಕೌದಿ

ಕೆಲಸದಲ್ಲಿದ್ದಷ್ಟು ಕಾಲ ಆತ ವಿಮಾ ಕಚೇರಿಯೊಂದರ ಶಾಖಾಧಿಕಾರಿ. ನಿವೃತ್ತನಾದ ಮೇಲೆ ಆಳುವುದಕ್ಕೆ ಬೇರೇನೂ ಉಳಿಯಲಿಲ್ಲವಾಗಿ ಮನೆಯ ಬಿಸಿಯನ್ನೇ ಆಳತೊಡಗಿದ. ಹೆಂಡತಿ ಬಟ್ಟೆ ಹೊಲಿಯುವವಳು. ಗಂಡನ ಮೇಲೆ ಅವಳಿಗಿದ್ದ ಗೌರವ ಎಂದೋ ಸವೆದುಹೋಗಿ, ಕರೆಯುವಾಗ ಬಾಯಿಗೆ ಬರುವ 'ರೀ' ಮಾತ್ರ ಉಳಿದಿತ್ತು.

ನೀರು ಹೆಪ್ಪುಗಟ್ಟುವಷ್ಟು ಚಳಿಯ ಆ ಬೆಟ್ಟದೂರಲ್ಲಿ, ಮನೆ ಕಾಯಿಸಲು ಸೌದೆ ಒಲೆ ಇದ್ದ ಕಾಲದಲ್ಲಿ ಒಲೆಯ ಪಕ್ಕದ ಕುರ್ಚಿ ಅವನದು. ಅಲ್ಲಿ ಕಾಲು ಚಾಚಿಕೊಂಡು, ಹಿಂದಿನ ಕೋಣೆಯಲ್ಲಿ ಮರಗಟ್ಟಿದ ಬೆರಳುಗಳಿಂದ ಸೂಜಿಗೆ ದಾರ ಪೋಣಿಸುತ್ತಿದ್ದವಳಿಗೆ, "ಚಳಿ ಅನ್ನೋದು ಮನಸ್ಸಿನ ದೌರ್ಬಲ್ಯ ಕಣೇ" ಎಂದು ಬೋಧಿಸುತ್ತಿದ್ದ.

ಮಗಳು ಹಸುಗೂಸಿನೊಂದಿಗೆ ಚಳಿಗಾಲಕ್ಕೆ ಬರುವ ಮಾತು ಬಂದಾಗ ಒಂದು ಷರತ್ತು ಹಾಕಿದಳು. "ಮನೆ ಬೆಚ್ಚಗಿದ್ರೆ ಇರ್ತೀನಮ್ಮ. ಇಲ್ಲಾಂದ್ರೆ ಅತ್ತೆ ಮನೇನೇ ವಾಸಿ. ಕೂಸಿಗೆ ಅಪ್ಪನ ಉಪದೇಶ ಹೊದಿಸೋಕಾಗಲ್ಲ."

ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಳ್ಳುವ ಆಸೆಗೆ ತಾಯಿ ಒಲೆ ಕೀಳಿಸಿ, ಹೊರಗಿನ ಗಾಳಿಯಲ್ಲಿರುವ ಅಷ್ಟಿಷ್ಟು ಶಾಖವನ್ನು ಹೀರಿ ಒಳಗೆ ತರುವ, ಕಡಿಮೆ ಕರೆಂಟು ತಿನ್ನುವ ಹೊಸ ಬಗೆಯ ಹೀಟರ್ ಹಾಕಿಸಿದಳು. ಕಿಟಕಿಯ ಹೊರಗೊಂದು ದೊಡ್ಡ ಪೆಟ್ಟಿಗೆ, ನಡುಮನೆಯ ಗೋಡೆಯ ಮೇಲೆ ತಿರುಗಿಸುವ ಗುಂಡಿ.

"ಒಂದು ಹದಕ್ಕಿಟ್ಟು ಮರೆತುಬಿಡಿ ಸಾರ್," ಎಂದ ಮೆಕ್ಯಾನಿಕ್. "ಹೊರಗಿನ ಪೆಟ್ಟಿಗೆಗೆ ಗಾಳಿ ಆಡ್ತಿರಬೇಕು, ಅಷ್ಟೇ."

"ನನಗೇ ಹೇಳ್ಕೊಡ್ತೀರೇನ್ರೀ?"

ವಾರ ಕಳೆಯುವುದರೊಳಗೆ ಬೀದಿಯವರೆಲ್ಲರೂ ಅವನಿಂದ ಇಂಧನ ಉಳಿತಾಯದ ಪಾಠ ಕೇಳಬೇಕಾಯಿತು. ಮನೆಯಲ್ಲಿ ಮಾತ್ರ, ಒಲೆಗೆ ಕೊಳ್ಳಿ ಎಳೆದು ನೂಕಿದಂತೆ, ಎದ್ದು ಹೋಗುವಾಗ ಹೀಟರ್ ಆರಿಸುವುದು, ಬಂದು ಕೂತಾಗ ಗುಂಡಿಯನ್ನು ಕೊನೆಯವರೆಗೆ ತಿರುಗಿಸುವುದು. ಮಗಳು ಬಂದಿಳಿದ ದಿನ ಹೊರಗಿನ ಪೆಟ್ಟಿಗೆಯ ಮುಂದೆ ಕೈಯೊಡ್ಡಿ ನೋಡಿದ: ತಣ್ಣನೆಯ ಗಾಳಿ. ಪಾಪ, ಯಂತ್ರಕ್ಕೇ ಥಂಡಿ ಹಿಡಿದಿದೆ ಎಂದು ತೀರ್ಮಾನಿಸಿದ. ಅವನು ಹಿಡಿದ ಮೊಲಕ್ಕೆ ಎಂದೂ ಮೂರೇ ಕಾಲು.

ಮರುದಿನ ಬೆಳಿಗ್ಗೆ ಒಳಗೆ ಆಡಿದ ಮಾತೂ ಹೊಗೆಯಾಗಿ ಕಾಣುತ್ತಿತ್ತು. ಮಗಳು ಕೂಸನ್ನು ಸ್ವೆಟರಿನೊಳಗೆ ಅವುಚಿಕೊಂಡು ಬ್ಯಾಗಿಗೆ ಬಟ್ಟೆ ತುಂಬತೊಡಗಿದಳು. "ಅಮ್ಮ, ಗಾಡಿ ಕರೆಸು."

"ಹೊಸ ಯಂತ್ರ, ಒಗ್ಗಿಕೊಳ್ಳಬೇಕಮ್ಮ," ಎಂದ ಅಪ್ಪ.

ಮಗಳ ಬಾಲ್ಯದ ಫ್ರಾಕುಗಳನ್ನೆಲ್ಲ ಜೋಡಿಸಿ ಮೊಮ್ಮಗಳಿಗೆಂದೇ ಹೊಲಿದಿಟ್ಟಿದ್ದ ಕೌದಿ ತರಲು ತಾಯಿ ಟ್ರಂಕು ತೆಗೆದರೆ ಅದು ಖಾಲಿ.

"ರೀ, ಕೌದಿ ಎಲ್ಲಿ?"

"ಅಗತ್ಯ ಇದ್ದವರಿಗೆ ಕೊಟ್ಟಿದ್ದೀನಿ."

ಅವನ ಕಣ್ಣು ಕಿಟಕಿಯತ್ತ ಹರಿಯಿತು. ಹಿಂದೆಯೇ ಅವಳದೂ ಹರಿಯಿತು. ಹೊರಗೆ ಪೆಟ್ಟಿಗೆ ಕೌದಿ ಹೊದ್ದು, ಸೊಂಟಕ್ಕೆ ಹಗ್ಗ ಬಿಗಿಸಿಕೊಂಡು, ಉಸಿರುಕಟ್ಟಿ ನಿಂತಿತ್ತು.

ಕರೆದ ಕೂಡಲೆ ಬಂದ ಮೆಕ್ಯಾನಿಕ್ ಹಗ್ಗ ಬಿಚ್ಚಿದಾಗ, ಮಂಜುಗಟ್ಟಿದ ಕೌದಿ ಹಲಗೆಯಂತೆ ತಾನಾಗಿಯೇ ನಿಂತಿತು. "ಸಾರ್, ಕಾಲುಚೀಲ ಒಂದು ಬಾಕಿ ಇತ್ತು," ಎಂದು ಅವನು ಪೆಟ್ಟಿಗೆಯ ಮಂಜು ಕರಗಿಸತೊಡಗಿದ.

ಹೆಂಡತಿ ಕೂಗಾಡಲಿಲ್ಲ, ಕೂಗಾಟಕ್ಕೆ ಮನುಷ್ಯ ಒಂದಿಷ್ಟಾದರೂ ಯೋಗ್ಯನಾಗಿರಬೇಕು. ಮೆಕ್ಯಾನಿಕ್‌ನನ್ನು ಪಕ್ಕಕ್ಕೆ ಕರೆದು, "ನನ್ನ ಹೊಲಿಗೆ ಕೋಣೇಲಿ ಹೊಸ ಗುಂಡಿ ಹಾಕಪ್ಪ. ಹಳೇದರ ತಂತಿ ಕಿತ್ತುಬಿಡು. ಗುಂಡಿ ಅಲ್ಲೇ ಇರಲಿ," ಎಂದಳು.

"ತಂತಿ ಇಲ್ಲದ ಗುಂಡಿ ಯಾಕಮ್ಮಾ?"

"ತಿರುಗಿಸೋಕೆ ಅವರಿಗೂ ಏನಾದ್ರೂ ಬೇಕಲ್ಲ."

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಮಗಳು ಬಂದ ಮೇಲೆ ಮೊದಲ ಸಲ ನಕ್ಕಳು. ಮಧ್ಯಾಹ್ನದ ಹೊತ್ತಿಗೆ ಗೋಡೆಗಳು ಬೆಚ್ಚಗಾದವು. ಬ್ಯಾಗಿನ ಬಟ್ಟೆಗಳು ಬೀರು ಸೇರಿದವು.

ಅಂದಿನಿಂದ ಆತ ದಿನವೂ ನಡುಮನೆಯ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಹೀಟರಿನ ಬಿಸಿಗಾಳಿಗೆ ಅಂಗೈಯೊಡ್ಡಿ ತಲೆದೂಗುತ್ತಾನೆ. ಬಂದವರಿಗೆ, "ಹದ ಗೊತ್ತಿರಬೇಕು ನೋಡಿ," ಎನ್ನುತ್ತಾನೆ. ಒಮ್ಮೆ ಪಕ್ಕದ ಮನೆಯಾಕೆ ಹೊಲಿಗೆ ಕೋಣೆಗೆ ಬಂದು, "ಈ ಬಿಸಿ ಎಲ್ಲಾ ನಿಮ್ಮ ಯಜಮಾನರ ಕೈಚಳಕವಂತೆ?" ಎಂದು ಕೇಳಿದಳು.

ಒಣಗಿದ ಕೌದಿಯ ಮೇಲೆ ಕೂಸು ಬರಿಗಾಲು ಬಡಿಯುತ್ತಿತ್ತು. "ಹೂಂ," ಎಂದಳು ಅಜ್ಜಿ, ಹೊಲಿಗೆಯಿಂದ ಕಣ್ಣೆತ್ತದೆ. "ಅವರು ಕೈ ಹಾಕದಿದ್ದಕ್ಕೇ ಇಷ್ಟು ಬೆಚ್ಚಗಿರೋದು."